ಲಕೋಟೆಯ ಬೆನ್ನ ಮೇಲಿನ ಊರುಗಳು

ನಿಜಾಮರ ಹೈದರಾಬಾದ್ ಸಂಸ್ಥಾನ ತನ್ನ ಮೊದಲ ಅಂಚೆಚೀಟಿ ಹೊರಡಿಸಿದ್ದು 1869ರಲ್ಲಿ. ಅದರ ಚೀಟಿಗಳ ಚಲಾವಣೆ ನಿಂತದ್ದು 1950ರ ಏಪ್ರಿಲ್ 1ರಂದು, ಸಂಸ್ಥಾನದ ಟಪಾಲು ಖಾತೆ ಭಾರತದ ಅಂಚೆಯಲ್ಲಿ ಬೆರೆತುಹೋದಾಗ. ನಡುವಿನ 80 ವರ್ಷ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದ ಸಂಸ್ಥಾನದೊಳಗೆ ಓಡಾಡಿದ ಕಾಗದಗಳ ಮೇಲೆ ಕೂತದ್ದು ಈ ಚೀಟಿಗಳೇ. ಇವುಗಳಲ್ಲಿ ಬಹುಪಾಲು ಅಪರೂಪದವೇನಲ್ಲ. ತಾಳ್ಮೆಯಿದ್ದವರು ಹೆಚ್ಚು ದುಡ್ಡು ಸುರಿಯದೆ ಆಲ್ಬಮ್ಮಿನ ಬಹಳಷ್ಟು ಹಾಳೆ ತುಂಬಿಸಿಕೊಳ್ಳಬಹುದು. ಆದರೆ ಹಾಗೆ ತುಂಬಿದ ಆಲ್ಬಮ್ ತಿರುವಿದರೆ ಹೈದರಾಬಾದ್ ಕಾಣುತ್ತದೆ, ಈ ಐದು ಊರು ಕಾಣುವುದಿಲ್ಲ. ಹಳೆಯ ಚೀಟಿ, ಪತ್ರ, ನಾಣ್ಯ, ಪುರಾತನ ಸಾಮಾನುಗಳನ್ನು ಬದುಕಿಡೀ ಕೂಡಿಹಾಕುವವರನ್ನು ನಮ್ಮ ಕಡೆ ಒಂದೋ ಹುಚ್ಚರೆಂದು ನಕ್ಕು ಬಿಡುತ್ತಾರೆ, ಇಲ್ಲವೇ ಪರಂಪರೆಯ ರಕ್ಷಕರೆಂದು ಶಾಲು ಹೊದಿಸುತ್ತಾರೆ. ಎರಡೂ ಅವಸರದ ತೀರ್ಮಾನ. ಕಲಬುರಗಿ ಜಿಲ್ಲೆಯ ಈ ಭಾಗದ ಮಟ್ಟಿಗೆ ನನ್ನ ವಾದ ಇಷ್ಟು: ಇಲ್ಲಿನ ಕಳೆದ ನೂರೈವತ್ತು ವರ್ಷಗಳ ಇತಿಹಾಸಕ್ಕೆ ಸಂಗ್ರಾಹಕನಷ್ಟು ಉಪಕಾರ ಮಾಡಬಲ್ಲವರು ಕಡಿಮೆ, ಅವನಷ್ಟು ಕೇಡು ಮಾಡಬಲ್ಲವರೂ ಕಡಿಮೆ. ಎರಡರಲ್ಲಿ ಯಾವುದನ್ನು ಮಾಡಿದ ಎಂಬುದು ಅವನು ಚೀಟಿಯನ್ನು ಲಕೋಟೆಯಿಂದ ಬಿಡಿಸಿದನೋ, ಹಾಗೇ ಇಟ್ಟನೋ ಎಂಬುದರ ಮೇಲೆ ನಿಂತಿದೆ.

ಬಿಡಿ ಚೀಟಿ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1871ರ ಸರಣಿಯನ್ನು ಕೆತ್ತಿದ್ದು ಲಂಡನ್ನಿನ ಬ್ರಾಡ್‌ಬರಿ ವಿಲ್ಕಿನ್ಸನ್ ಕಂಪನಿ. ಅದರಲ್ಲಿ ಚಿತ್ರವಿಲ್ಲ, ಅಕ್ಷರಗಳದೇ ಅಲಂಕಾರ. ಚಿತ್ರದ ಚೀಟಿಗಳು ಬಂದದ್ದು 1931ರಲ್ಲಿ. 1 ಆಣೆಗೆ ಚಾರ್‌ಮಿನಾರ್, 2 ಆಣೆಗೆ ಹೈಕೋರ್ಟು, 4 ಆಣೆಗೆ ಉಸ್ಮಾನ್ ಸಾಗರ, 8 ಆಣೆಗೆ ಅಜಂತಾ ಗುಹೆಗಳ ಬಾಗಿಲು, 12 ಆಣೆಗೆ ಬೀದರಿನ ಮದರಸಾ, 1 ರೂಪಾಯಿಗೆ ದೌಲತಾಬಾದಿನ ಮಿನಾರು. 1937ರ ಬೆಳ್ಳಿಹಬ್ಬದ ನಾಲ್ಕು ಚೀಟಿಗಳಲ್ಲಿ ಎರಡು ಆಸ್ಪತ್ರೆ, ಒಂದು ವಿಶ್ವವಿದ್ಯಾಲಯ, ಒಂದು ಜುಬಿಲಿ ಹಾಲು, ನಾಲ್ಕೂ ರಾಜಧಾನಿಯವು. ಸಂಸ್ಥಾನದ ಕೊನೆಗಾಲದಲ್ಲಿ ವಿದ್ಯುತ್ ಕೇಂದ್ರ, ವಾರಂಗಲ್ಲಿನ ಕಾಕತೀಯ ತೋರಣ, ಗೋಲ್ಕೊಂಡದ ಕೋಟೆ ಬಂದವು. ಕನ್ನಡ ಜಿಲ್ಲೆಗಳ ಪಾಲಿಗೆ ಸಿಕ್ಕದ್ದು ಬೀದರಿನ ಮಹಮೂದ್ ಗವಾನನ ಮದರಸಾ ಒಂದೇ. ಅದೂ 12 ಆಣೆಯ ಮೇಲೆ. ಸಾಧಾರಣ ಕಾಗದಕ್ಕೆ 12 ಆಣೆ ಹಚ್ಚುವವರು ಯಾರು? ಕಲಬುರಗಿಯ ಕೋಟೆ ಇಲ್ಲ, ಬಂದೇನವಾಜರ ದರ್ಗಾ ಇಲ್ಲ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇದ್ದರೂ ಅಮೋಘವರ್ಷನ ಊರೆಂಬ ಗುರುತು ಯಾವ ಚೀಟಿಯ ಮೇಲೂ ಬೀಳಲಿಲ್ಲ. ಇದರಲ್ಲಿ ಅಚ್ಚರಿಯೇನಿಲ್ಲ. ಚೀಟಿ ಎಂದರೆ ಸರ್ಕಾರ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾತು. ಅದನ್ನೇ ಕೂಡಿಹಾಕಿದವನ ಬಳಿ ಉಳಿಯುವುದೂ ಸರ್ಕಾರದ ಮಾತೇ.

ಈ ರುಚಿಯ ದೊಡ್ಡ ಮಾದರಿ ಅದೇ ಸಂಸ್ಥಾನದಲ್ಲಿ ಇತ್ತು. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1912ರಿಂದ ಸುಮಾರು ಎರಡು ವರ್ಷ ದಿವಾನರಾಗಿದ್ದು, ಆಮೇಲೆ 1949ರಲ್ಲಿ ತೀರಿಕೊಳ್ಳುವವರೆಗೂ ಪ್ರಪಂಚದ ಮೂಲೆಮೂಲೆಯ ಸಾಮಾನು ಕೊಂಡರು. ಮದುವೆಯಾಗಲಿಲ್ಲ, ಮನೆಯೇ ಕಣಜವಾಯಿತು. 1951ರ ಡಿಸೆಂಬರಿನಲ್ಲಿ ನೆಹರೂ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು; ಇಂದು ಅಲ್ಲಿ 40,000ಕ್ಕೂ ಹೆಚ್ಚು ಕಲಾವಸ್ತುಗಳಿವೆ. ಆ ಕೊಳ್ಳುವಿಕೆಯ ಹಿಂದೆ ಜಾಗೀರುಗಳ ಹುಟ್ಟುವಳಿ ಇತ್ತು, ಅವುಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಕನ್ನಡ ರೈತ ಕಟ್ಟಿದ ಕಂದಾಯದ ಒಂದು ಪಾಲು ಯುರೋಪಿನ ಗಡಿಯಾರವಾಯಿತು, ಚೀನಾದ ಪಿಂಗಾಣಿಯಾಯಿತು. ನವಾಬರನ್ನು ಇದಕ್ಕಾಗಿ ದೂರುವುದು ಸುಲಭ, ಆದರೆ ಅವರು ಕೂಡಿಸದಿದ್ದರೆ ಆ ಹಣ ಇನ್ನೂ ಕೀಳಾದ ಕಡೆ ಹೋಗುತ್ತಿತ್ತೆಂದೂ ವಾದಿಸಬಹುದು. ನನಗೆ ಮುಖ್ಯವಾದದ್ದು ಆ ಆಯ್ಕೆಯ ಹಿಂದಿರುವ ಅಳತೆಗೋಲು. ಚೆಲುವು, ಅಪರೂಪ, ಕುಶಲತೆ ಇದ್ದರೆ ಸಾಕು; ವಸ್ತು ಯಾವ ಊರಿನಲ್ಲಿ, ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಬಳಕೆಯಾಯಿತು ಎಂಬುದು ಲೆಕ್ಕಕ್ಕಿಲ್ಲ. ಬಿಸಿನೀರಿನಲ್ಲಿ ಲಕೋಟೆ ನೆನೆಸಿ ಚೀಟಿ ಬಿಡಿಸಿ, ಕಾಗದವನ್ನು ರದ್ದಿಗೆ ಹಾಕುವ ಶಾಲಾಹುಡುಗನ ಕೈಯಲ್ಲೂ ಇರುವುದು ಅದೇ ಅಳತೆಗೋಲು. ಅವನಿಗೆ ಜಾಗೀರು ಇಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಈಗ ಲಕೋಟೆಯನ್ನು ಇಡಿಯಾಗಿ ಮುಂದಿಟ್ಟುಕೊಳ್ಳೋಣ. ಮುಂಭಾಗದಲ್ಲಿ ವಿಳಾಸ: ಉರ್ದುವಿನಲ್ಲಿರಬಹುದು, ಕುಲಕರ್ಣಿಯ ಕೈಯ ಮೋಡಿ ಅಕ್ಷರದಲ್ಲಿರಬಹುದು, ಕನ್ನಡದಲ್ಲೋ ತೆಲುಗಿನಲ್ಲೋ ಇರಬಹುದು, ಎರಡು ಲಿಪಿಯಲ್ಲಿ ಎರಡು ಸಲ ಬರೆದದ್ದೂ ಉಂಟು. ಚೀಟಿಯ ಮೇಲೆ ಹೊರಟ ಊರಿನ ಠಸ್ಸೆ. ಹಿಂದೆ ತಿರುಗಿಸಿದರೆ ಹಾದಿಯ ಊರು, ತಲುಪಿದ ಊರು, ತಾರೀಖು. ಒಳಗಿನ ಕಾಗದದ ತಲೆಯ ಮೇಲೆ ಫಸಲಿ ವರ್ಷ. ಅದಕ್ಕೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ. ತಹಶೀಲಿಯಿಂದ ಹೊರಟದ್ದಾದರೆ ಚೀಟಿಯ ಮೇಲೆ ಉರ್ದುವಿನಲ್ಲಿ ‘ಸರ್ಕಾರಿ’ ಎಂದು ಅಚ್ಚು, 1873ರಿಂದ ನಡೆದುಬಂದ ಪದ್ಧತಿ. ಇನ್ನೊಂದು ಸೂಕ್ಷ್ಮ ಇದೆ. ನಿಜಾಮರ ಚೀಟಿಗೆ ಸಂಸ್ಥಾನದ ಗಡಿಯೊಳಗೆ ಮಾತ್ರ ಬೆಲೆ. ಸೊಲ್ಲಾಪುರಕ್ಕೋ ಮುಂಬಯಿಗೋ ಬರೆಯಬೇಕಾದರೆ ಬ್ರಿಟಿಷ್ ಭಾರತದ ಚೀಟಿ ಬೇಕು. ಒಂದೇ ಸೀಮೆಯಲ್ಲಿ ಎರಡು ಅಂಚೆ, ಎರಡು ಚೀಟಿ, ಎರಡು ನಾಣ್ಯ: ಊರಿನ ಹಾಲಿ ಸಿಕ್ಕಾ ಒಂದು, ಕಂಪನಿ ಸರ್ಕಾರದ ಕಾಲದಿಂದ ಜನ ಕಲ್ದಾರ್ ಎಂದು ಕರೆದ ರೂಪಾಯಿ ಇನ್ನೊಂದು. ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕ ಅಂಗಡಿಯ ಗುಮಾಸ್ತನಿಗೆ ಬಾಯಿಪಾಠ. ಆದ್ದರಿಂದ ಸೇಡಂ ಪೇಟೆಯ ಒಬ್ಬ ವ್ಯಾಪಾರಿಯ ಪತ್ರವ್ಯವಹಾರದಲ್ಲಿ ಯಾವ ಚೀಟಿ ಎಷ್ಟು ಎಂದು ಎಣಿಸಿದರೆ, ಅವನ ತೊಗರಿ ಹೈದರಾಬಾದಿನ ಕಡೆ ಮುಖ ಮಾಡಿತ್ತೋ ಮುಂಬಯಿಯ ಕಡೆಯೋ ಎಂಬುದು ತಿಳಿಯುತ್ತದೆ. ಚೀಟಿಯನ್ನು ಬಿಡಿಸಿ ಅಂಟಿಸಿದ ಆಲ್ಬಮ್ಮಿನಲ್ಲಿ ಈ ಲೆಕ್ಕ ಯಾವ ಜನ್ಮಕ್ಕೂ ಸಿಗದು.

ಹಾದಿಯ ವಿಷಯಕ್ಕೆ ಬಂದರೆ ವಾಡಿಯನ್ನು ಬಿಟ್ಟು ಮಾತಿಲ್ಲ. ಮುಂಬಯಿಯಿಂದ ಶಹಾಬಾದಿನ ಮೇಲೆ ಹಾದು ಬಂದ ಜಿ.ಐ.ಪಿ. ರೈಲು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ರೈಲಿಗೆ ಕೂಡಿತು. 1874ರಲ್ಲಿ ನಿಜಾಮರ ಹಣದ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಸಿಕಂದರಾಬಾದ್ ಸೇರಿತು. ಬೆಜವಾಡದ ಕಡೆಯ ಹಾದಿ ಪೂರ್ತಿಯಾದದ್ದು 1889ರಲ್ಲಿ. ಅಂದರೆ ನಡುವಿನ 15 ವರ್ಷ, ಭಾರತದ ಅತಿ ದೊಡ್ಡ ಸಂಸ್ಥಾನದ ರಾಜಧಾನಿಗೆ ಹೊರಜಗತ್ತಿನಿಂದ ರೈಲಿನಲ್ಲಿ ಬರುವವರಿಗೆ ವಾಡಿಯೊಂದೇ ಬಾಗಿಲು. ಹೊಲದ ನಡುವಿನ ಒಂದು ಹಳ್ಳಿ ಜಂಕ್ಷನ್ ಆಗಿ ಹೀಗೆ ನಕ್ಷೆಗೆ ಬಂತು. ಇವತ್ತಿಗೂ ಅಲ್ಲಿ ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆಗಳ ಗಡಿ ಇದೆ; ಎರಡು ಕಂಪನಿಗಳ ಹಳೆಯ ಗೆರೆ ಹೆಸರು ಬದಲಿಸಿಕೊಂಡು ಉಳಿದಿದೆ. ಇದೇ ಸೀಮೆಯ ಚಿಂಚೋಳಿಯ ಕಥೆ ಪೂರ್ತಿ ಬೇರೆ. ಆ ಪೇಟೆಗೆ ಈಗಲೂ ರೈಲಿಲ್ಲ. ಕಾಡು, ಏರು, ಮಳೆಗಾಲದ ಹಳ್ಳ ದಾಟಿಕೊಂಡು ಬಂದ ಟಪಾಲಿಗೆ ಚಿತ್ತಾಪುರದ ಟಪಾಲಿನ ವೇಗ ಎಲ್ಲಿಂದ ಬರಬೇಕು? ಹೊರಟ ಠಸ್ಸೆಗೂ ತಲುಪಿದ ಠಸ್ಸೆಗೂ ನಡುವಿನ ದಿನಗಳನ್ನು ಊರೂರಿಗೆ ಹೋಲಿಸಿ ನೋಡಿದರೆ, ರೈಲು ಯಾರನ್ನು ಹತ್ತಿರ ತಂದಿತು, ಯಾರನ್ನು ಇದ್ದಲ್ಲೇ ಬಿಟ್ಟಿತು ಎಂಬುದು ಅಂಕಿಯಲ್ಲೇ ಕಾಣುತ್ತದೆ. ರೈಲ್ವೆಯ ವರದಿಯಲ್ಲಿ ಮೈಲಿಯ ಲೆಕ್ಕ ಸಿಗುತ್ತದೆ, ಪೇಟೆಯ ಮನುಷ್ಯ ಉತ್ತರಕ್ಕಾಗಿ ಎಷ್ಟು ದಿನ ಕಾದ ಎಂಬುದು ಸಿಗುವುದಿಲ್ಲ.

ರಾಜಕೀಯದ ತಾರೀಖುಗಳನ್ನು ಒರೆಗೆ ಹಚ್ಚುವುದಕ್ಕೂ ಈ ಕಾಗದಗಳೇ ಬೇಕು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸಂಸ್ಥಾನದ ಗಡಿ ದಾಟಿತು, 17ಕ್ಕೆ ನಿಜಾಮರು ಸೋಲೊಪ್ಪಿದರು. ನಮ್ಮ ಕಡೆ ವಿಮೋಚನೆಯ ದಿನವೆಂದು ಧ್ವಜ ಏರಿಸುವುದು ಆ ತಾರೀಖಿಗೆ. ಶಾಲೆಯ ಪಾಠದಲ್ಲಿ ಅಂದಿಗೆ ಒಂದು ಯುಗ ಮುಗಿಯುತ್ತದೆ. ಆದರೆ ಅಂಚೆಯಲ್ಲಿ ಮುಗಿಯಲಿಲ್ಲ. ಇನ್ನೂ ಹದಿನೆಂಟು ತಿಂಗಳು, 1950ರ ಮಾರ್ಚ್ ಕೊನೆಯವರೆಗೆ, ಜನ ನಿಜಾಮರ ಚೀಟಿಯನ್ನೇ ಹಚ್ಚಿ ಕಾಗದ ಹಾಕಿದರು. ಭಾರತ ಗಣರಾಜ್ಯವಾದ 1950ರ ಜನವರಿ 26ರಂದೂ ಸೇಡಂನಿಂದ ತಾಂಡೂರಿಗೆ ಹೋಗುವ ಕಾಗದಕ್ಕೆ ಬೇಕಾಗಿದ್ದುದು ಅದೇ ಚೀಟಿ. 1949ರಲ್ಲಿ ಜಾಗೀರುಗಳು ರದ್ದಾದವು. ಆ ಸುದ್ದಿ ಹೊತ್ತ ಲಕೋಟೆಗಳ ಮೇಲೂ ಅದೇ ಮುದ್ರೆ. ಇದನ್ನು ಆಡಳಿತದ ಸೋಮಾರಿತನ ಎಂದು ತಳ್ಳಿಹಾಕುವುದು ಸರಿಯಲ್ಲ. ಪ್ರಭುತ್ವ ಐದು ದಿನದಲ್ಲಿ ಬದಲಾಗುತ್ತದೆ. ಲೆಕ್ಕದ ವಹಿ, ನಾಣ್ಯ, ಕಚೇರಿಯ ಭಾಷೆ, ಫಸಲಿ ವರ್ಷ ತಮ್ಮ ನಡಿಗೆಯಲ್ಲೇ ಬದಲಾಗುತ್ತವೆ. 1948ರ ಬೇಸಿಗೆಯಲ್ಲಿ ರಜಾಕಾರರ ಹಾವಳಿಗೆ ಹೆದರಿ ಗಡಿಯಾಚೆ ಹೋಗಿದ್ದ ಕುಟುಂಬಗಳು ಎಂದು ಮರಳಿದವು ಎಂಬುದಕ್ಕೆ ಸರ್ಕಾರಿ ಅಂಕಿ ಹುಡುಕುವ ಬದಲು, ವಿಳಾಸಗಳು ಸೊಲ್ಲಾಪುರದಿಂದ ಮತ್ತೆ ಊರಿಗೆ ತಿರುಗಿದ ತಿಂಗಳನ್ನು ನೋಡುವುದು ಮೇಲು. ಅಂಥ ಕಾಗದಗಳು ಮನೆಗಳ ಅಟ್ಟದ ಮೇಲೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪೇಟೆಯ ಕಾಗದಗಳಿಗೆ ಇನ್ನೊಂದು ಗುರುತು ಇದೆ. ಅಡತ್ ಅಂಗಡಿಗಳಲ್ಲಿ ಬಂದ ಕಾರ್ಡು, ರಸೀದಿಗಳನ್ನು ಗೋಡೆಗೆ ನೇತುಹಾಕಿದ ತಂತಿಗೆ ಚುಚ್ಚಿ ಪೋಣಿಸುತ್ತಿದ್ದರು. ಕಾರ್ಡಿನ ನಟ್ಟನಡುವೆ ತುಕ್ಕು ಹಿಡಿದ ಅಂಚಿನ ಒಂದು ತೂತು. ಸಂಗ್ರಾಹಕರ ಪೇಟೆಯಲ್ಲಿ ಆ ತೂತು ಬಿದ್ದ ಕಾರ್ಡಿಗೆ ಬೆಲೆ ಅರ್ಧಕ್ಕಿಳಿಯುತ್ತದೆ. ಇತಿಹಾಸದ ಲೆಕ್ಕದಲ್ಲಿ ಮಾತ್ರ ಅದು ಮೊಹರು: ಈ ಕಾಗದ ತಲುಪಿತು, ಅಂಗಡಿಯಲ್ಲಿ ಓದಿದರು, ವ್ಯವಹಾರ ಮುಗಿಯುವವರೆಗೆ ಇಟ್ಟರು. 1915ರಲ್ಲಿ ಬಂದ ನಿಜಾಮರ ಚೀಟಿಗಳು ಅಂಚೆಗೂ ರಸೀದಿಗೂ ಎರಡಕ್ಕೂ ನಡೆಯುತ್ತಿದ್ದವು. ಹೀಗಾಗಿ ಠಸ್ಸೆ ಬಿದ್ದ ಒಂದಾಣೆಯ ಜೊತೆಗೆ, ರೂಪಾಯಿ ಪಡೆದವನ ಸಹಿ ಅಡ್ಡ ಹಾಯ್ದ ಒಂದಾಣೆಯೂ ಸಿಗುತ್ತದೆ. ಎರಡನೆಯದನ್ನು ಕ್ಯಾಟಲಾಗು ಕೀಳೆಂದು ಎಣಿಸುತ್ತದೆ. ಶಹಾಬಾದಿನಂಥ ಊರಿಗೆ ಅದೇ ಮೇಲು, ಏಕೆಂದರೆ ಶಹಾಬಾದನ್ನು ಕಟ್ಟಿದ್ದೇ ರಸೀದಿ: ಫರಸಿ ಖಣಿಯ ಗುತ್ತಿಗೆ, ಬಂಡಿ ಬಾಡಿಗೆ, ಕಲ್ಲು ಒಡೆಯುವವರ ವಾರದ ಕೂಲಿ, ರೈಲಿಗೆ ಹೇರಿದ ಚಪ್ಪಡಿ. ಆಮೇಲೆ ಸಿಮೆಂಟು ಬಂತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲೊಂದು. 1960ರ ದಶಕದ ಕೊನೆಗೆ ವಾಡಿಯಲ್ಲಿ, 80ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲಿ ಕಾರ್ಖಾನೆ ಎದ್ದವು. ಕಂಪನಿಗಳ ಕಡತ ಮುಖ್ಯ ಕಚೇರಿ ಸೇರುತ್ತದೆ, ಮಾಲೀಕತ್ವ ಬದಲಾದಾಗ ಎಲ್ಲಿಗೋ ಹೋಗುತ್ತದೆ. ಕೂಲಿಯವನ ರಸೀದಿ ಉಳಿದರೆ ರದ್ದಿ ಅಂಗಡಿಯ ಮೂಟೆಯಲ್ಲಿ, ಅದನ್ನು ಕೆದಕುವ ಒಬ್ಬ ಸಂಗ್ರಾಹಕನ ಕಣ್ಣಿಗೆ ಬಿದ್ದರೆ ಮಾತ್ರ.

ಇಲ್ಲಿಗೆ ಬಲವಾದ ಆಕ್ಷೇಪ ಒಂದಿದೆ. ಕಾಗದ ಬರೆದವರು ಯಾರು? ವ್ಯಾಪಾರಿ, ವಕೀಲ, ಪಟೇಲ, ಕುಲಕರ್ಣಿ, ಮಠದ ಪಾರುಪತ್ಯಗಾರ. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಸೀಮೆಯಲ್ಲಿ ಲಕೋಟೆಯಿಂದ ಇತಿಹಾಸ ಕಟ್ಟಿದರೆ ಅದು ಉಳ್ಳವರ ಇತಿಹಾಸವಾಗುತ್ತದೆ. ಈ ಮಾತನ್ನು ಒಪ್ಪಬೇಕು, ಅದಕ್ಕೆ ಇನ್ನೊಂದನ್ನು ಸೇರಿಸಲೂ ಬೇಕು: ಉಳ್ಳವರ ಕಾಗದವೂ ಎಲ್ಲ ಉಳಿದಿಲ್ಲ. ಸಾವಿನ ಸುದ್ದಿಯ ಕಾಗದದ ಮೂಲೆ ಹರಿದು ಕಳಿಸುವುದು, ಬಂದ ಮನೆಯಲ್ಲಿ ಓದಿದ ಕೂಡಲೇ ಚೂರು ಮಾಡುವುದು ನಮ್ಮ ಕಡೆ ಬಹುಕಾಲದ ರೂಢಿ. ಅರಿಶಿನ ಹಚ್ಚಿದ ಮದುವೆಯ ಕಾಗದ ಪೆಟ್ಟಿಗೆ ಸೇರಿತು, ಪ್ಲೇಗಿನ ವರ್ಷದ ಕಾಗದ ಒಲೆ ಸೇರಿತು. ಸಂಗ್ರಹದಲ್ಲಿ ಸುಖ ಹೆಚ್ಚು ಕಂಡರೆ ಬದುಕಿನಲ್ಲಿ ಹೆಚ್ಚಿತ್ತೆಂದು ಅರ್ಥವಲ್ಲ. ಆದರೂ ಬರೆಯಲಾರದವರು ಈ ಕಾಗದಗಳಿಂದ ಪೂರ್ತಿ ಹೊರಗಿದ್ದಾರೆ ಎನ್ನುವುದು ಸರಿಯಲ್ಲ. ಸಾಲಪತ್ರದ ಕೆಳಗಿನ ಹೆಬ್ಬೆಟ್ಟು ಅವರದು. ‘ಬರೆದವರು ಇಂಥವರು, ಬರೆಸಿದವರು ಇಂಥವರು’ ಎಂಬ ಕೊನೆಯ ಸಾಲಿನಲ್ಲಿ ಅವರ ಹೆಸರಿದೆ. ಊರು ಬಿಟ್ಟು ಮುಂಬಯಿಯ ಗಿರಣಿಗೆ ಹೋದವನು ಮನಿಆರ್ಡರಿನ ತುಣುಕಿನಲ್ಲಿ ಬೇರೊಬ್ಬರ ಕೈಯಿಂದ ಬರೆಸಿದ ಎರಡು ಸಾಲು, ಅವನ ಬದುಕಿನ ಬಗ್ಗೆ ಉಳಿದಿರುವ ಒಂದೇ ಲಿಖಿತ ಆಧಾರವಾಗಿರಬಹುದು. ಅದರ ಮೇಲೆ ಚಂದದ ಚೀಟಿ ಇಲ್ಲ. ಚೀಟಿಯ ಆಸೆಯವನು ಅದನ್ನು ಮುಟ್ಟುವುದೂ ಇಲ್ಲ.

ಎರಡನೆಯ ಆಕ್ಷೇಪ ವಿದ್ವಾಂಸರದು: ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ ಮೊಗಲರ ಕಾಲದಿಂದ ನಿಜಾಮರವರೆಗಿನ ದಫ್ತರುಗಳೇ ಇರುವಾಗ ಹವ್ಯಾಸಿಯ ಲಕೋಟೆಗಳಿಗೆ ಅಷ್ಟೇಕೆ ಮಹತ್ವ? ದಫ್ತರು ಇಲಾಖೆಯ ಪ್ರಕಾರ ಇಟ್ಟದ್ದು. ಕಂದಾಯದ ಕಡತದಲ್ಲಿ ಚಿತ್ತಾಪುರ ಎಂದರೆ ಒಂದು ಮೊತ್ತ. ಅದಕ್ಕಿಂತ ಮುಖ್ಯವಾಗಿ, ಈ ಸೀಮೆಯಲ್ಲಿ ಹವ್ಯಾಸಿಗಳು ವಿದ್ವಾಂಸರಿಗಿಂತ ಮೊದಲೇ ಸ್ಥಳಕ್ಕೆ ಹೋಗಿ ಕಂಡ ಉದಾಹರಣೆ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬೌದ್ಧ ಅವಶೇಷಗಳ ಕಡೆ 1950ರ ದಶಕದಲ್ಲಿ ಮೊದಲು ಬೆರಳು ತೋರಿಸಿದವರು ಕಪಟರಾಳ ಕೃಷ್ಣರಾಯರು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇಗುಲದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೊ ಅಸೋಕೊ’ ಎಂಬ ಬರಹದ ಜೊತೆ ಅವನ ಶಿಲ್ಪವೇ ಸಿಕ್ಕಿತು. ಆ ಚಪ್ಪಡಿ ಯಾವುದೋ ಪುರಾತನ ವಸ್ತುಗಳ ಅಂಗಡಿಯಲ್ಲಿ, ಎಲ್ಲಿಯದೆಂಬ ಪತ್ತೆಯಿಲ್ಲದೆ ಸಿಕ್ಕಿದ್ದರೆ ಮತ್ತೊಂದು ಅಶೋಕ ಶಾಸನ ಎಂದಷ್ಟೇ ಆಗುತ್ತಿತ್ತು. ಭೀಮೆಯ ದಂಡೆಯಲ್ಲಿ ಮೌರ್ಯರ ಆಳ್ವಿಕೆ ತಲುಪಿತ್ತು ಎಂದು ಹೇಳಲು ಆಗುತ್ತಿರಲಿಲ್ಲ. ಕಲ್ಲಿಗೆ ಒಪ್ಪುವ ಈ ನ್ಯಾಯ ಕಾಗದಕ್ಕೂ ಒಪ್ಪುತ್ತದೆ. ಸೇಡಂನ ಒಂದು ಮನೆಯ ಇನ್ನೂರು ಕಾಗದಗಳು ಒಂದೇ ಗಂಟಿನಲ್ಲಿದ್ದಾಗ ಸಿಗುವ ಅರ್ಥ, ಅವೇ ಇನ್ನೂರು ಕಡೆ ಹಂಚಿಹೋದಾಗ ಇನ್ನೂರು ಪಾಲಾಗಿಯೂ ಉಳಿಯುವುದಿಲ್ಲ.

ಹಾಗಾದರೆ ಸಂಗ್ರಾಹಕರೇ ಗಂಟು ಬಿಚ್ಚಿ ಮಾರುವವರಲ್ಲವೇ? ಹೌದು, ಮೂರನೆಯ ಆಕ್ಷೇಪ ಇದೇ, ಮತ್ತು ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ದೇಶೀ ಸಂಸ್ಥಾನಗಳ ಲಕೋಟೆಗಳಿಗೆ ಹೊರದೇಶದ ಹರಾಜುಗಳಲ್ಲಿ ಗಿರಾಕಿಗಳಿದ್ದಾರೆ. ಒಳ್ಳೆಯದನ್ನು ಆರಿಸಿ ಉಳಿದದ್ದನ್ನು ಎಸೆಯುವುದು ವ್ಯಾಪಾರದ ಸ್ವಭಾವ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಸಾಮಾನು ಪುರಾವಸ್ತುವಾಗಲು 100 ವರ್ಷ ಬೇಕು, ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ನಿಜಾಮರ ಚೀಟಿಯ ಕೊನೆಯ ಕಾಗದಗಳೂ ಈಗ ಆ ವಯಸ್ಸು ದಾಟಿವೆ. ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದರೆ ತಂತಿಯ ತೂತಿರುವ ಕಾರ್ಡೊಂದಕ್ಕೆ ಐತಿಹಾಸಿಕ ಬೆಲೆ ಇದೆಯೆಂದು ಗೊತ್ತುಮಾಡುವವರು ಯಾರು? ಕಾನೂನಿಗೆ ವಿಗ್ರಹ ಕಾಣುತ್ತದೆ, ರದ್ದಿ ಕಾಣುವುದಿಲ್ಲ. ಸಂಗ್ರಾಹಕನ ಪರವಾಗಿ ಹೇಳಬಹುದಾದದ್ದು ಇಷ್ಟು: ಹಳೆಯ ಮನೆ ಕೆಡವುವ ದಿನ ಕಾಗದದ ಬಸ್ತಾ ಕೆಳಗಿಳಿದಾಗ ಅಲ್ಲಿಗೆ ಬರುವವರು ಇಬ್ಬರೇ, ಗುಜರಿಯವನು ಮತ್ತು ಅವನು. ಪತ್ರಾಗಾರದ ಅಧಿಕಾರಿ ಬರುವುದಿಲ್ಲ. ಬಿಡಿಸುವ ಮುಂಚೆ ಗಂಟು ಯಾವ ಮನೆಯದು, ಯಾವ ಪೆಟ್ಟಿಗೆಯಲ್ಲಿತ್ತು ಎಂದು ಒಂದು ಹಾಳೆ ಬರೆದಿಟ್ಟು, ಮಾರುವ ಮುಂಚೆ ಎರಡೂ ಬದಿಯ ಫೋಟೊ ತೆಗೆದಿಟ್ಟರೆ ಅರ್ಧದಷ್ಟಾದರೂ ಉಳಿಯುತ್ತದೆ. ಮೊಬೈಲು ಎಲ್ಲರ ಕೈಯಲ್ಲಿರುವ ಕಾಲದಲ್ಲಿ ಇದಕ್ಕೆ ಜಾಗೀರು ಬೇಕಿಲ್ಲ.

1956ರ ನವೆಂಬರ್ 1ರ ನಂತರದ ಕಾಗದಗಳನ್ನು ನಿಜಾಮರ ಚೀಟಿಯಿಲ್ಲ ಎಂಬ ಕಾರಣಕ್ಕೆ ಇಂದು ಯಾರೂ ಕೂಡಿಸುತ್ತಿಲ್ಲ. ಅಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೇಡಂನವರಿಗೆ, ಚಿಂಚೋಳಿಯವರಿಗೆ ಬೀಗರ ಊರಾದ ತಾಂಡೂರು ಒಂದೇ ರಾತ್ರಿಯಲ್ಲಿ ಪರರಾಜ್ಯವಾಯಿತು. ರೈಲು ಅದೇ, ಸಂತೆ ಅದೇ, ವಿಳಾಸದ ಕೊನೆಯ ಸಾಲು ಮಾತ್ರ ಬೇರೆ. ವ್ಯಾಜ್ಯದ ಕಾಗದಗಳು ತುಳಿದ ಹಾದಿಯೂ ಹೊರಳಿತು. ಅಲ್ಲಿಯವರೆಗೆ ಈ ತಾಲ್ಲೂಕುಗಳ ಜಮೀನು ಮೊಕದ್ದಮೆಯ ಮೇಲ್ಮನವಿ ಹೋಗುತ್ತಿದ್ದುದು ಮುಸಿ ನದಿಯ ದಂಡೆಯ ಹೈಕೋರ್ಟಿಗೆ, 2 ಆಣೆಯ ಚೀಟಿಯ ಮೇಲೆ ಚಿತ್ರವಿದ್ದ ಅದೇ ಕಟ್ಟಡಕ್ಕೆ. ವಾಡಿ ಹಾದಿಯಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು. ಆಮೇಲೆ ಬೆಂಗಳೂರು. ಮೂಲ ಸನದು ಉರ್ದುವಿನಲ್ಲಿ, ನಕಾಶೆ ಮೋಡಿಯಲ್ಲಿ, ಕೋರ್ಟಿನ ಮಾತು ಇಂಗ್ಲಿಷಿನಲ್ಲಿ. ತರ್ಜುಮೆಗಾರನಿಗೆ, ವಕೀಲರ ಗುಮಾಸ್ತನಿಗೆ, ಬೆಂಗಳೂರಿನಲ್ಲಿ ತಂಗಲು ಜಾಗ ಕೊಟ್ಟ ಪರಿಚಯದವರಿಗೆ ಬರೆದ ಕಾರ್ಡುಗಳು ಅರ್ಧ ಶತಮಾನದಷ್ಟು ಕಾಲ ಆ ದೂರವನ್ನು ತುಂಬಿದವು. ಹೈಕೋರ್ಟಿನ ಪೀಠ ಕಲಬುರಗಿಗೆ ಬಂದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಗುಮಾಸ್ತರು ಕಾರ್ಡು ಬರೆಯುವುದನ್ನು ಬಿಟ್ಟು ಫೋನ್ ಮಾಡುತ್ತಿದ್ದರು.